ಬಿಡಿಸಿಕೊಂಡು ತಂದ ಟಗರು

ಈ ಸಲ ಬೆನ್ನು ತಿರುಗಿಸಿ ನಿಂತರೆ ಆಗುವುದಿಲ್ಲ. ಹಲ್ಲುಜ್ಜುತ್ತಿದ್ದ ಭರತೇಶ ಕನ್ನಡಿಯೊಳಗಿನ ಮುಖಕ್ಕೆ ಇದನ್ನು ಮತ್ತೊಮ್ಮೆ ಹೇಳಿದ. ಆ ಮುಖ ಬಾಯಿತುಂಬ ನೊರೆ ತುಂಬಿಕೊಂಡಿತ್ತು.

ಹಿಂದಿನ ದಿನ ಧಾರವಾಡದಿಂದ ಅವನ ಪಿಎಚ್‌ಡಿ ಗೈಡು ಫೋನು ಮಾಡಿದ್ದರು. ಅವರದು ಮೈಸೂರು ಕಡೆಯ ಕನ್ನಡ. ಸಿಟ್ಟು ಏರಿದಷ್ಟೂ ದನಿ ಮೆತ್ತಗಾಗುತ್ತದೆ.

"ಭರತೇಶ್, ನೀವು ಕಳಿಸಿದ್ದರಲ್ಲಿ ಆರ್‌ಎನ್‌ಎ ಅನ್ನೋದೇ ಉಳಿದಿಲ್ಲ. ಎಲ್ಲ ಪುಡಿಪುಡಿ. ಪ್ರಾಣಿ ಸತ್ತು ಎಷ್ಟು ಹೊತ್ತಿಗೆ ನೈಟ್ರೋಜನ್ನಿಗೆ ಹಾಕಿದಿರಿ?"

"ತಕ್ಷಣ, ಸರ್."

"ನೀವು ನೋಡ್ತಾ ಇದ್ರಾ?"

"ಅಲ್ಲೇ ಇದ್ದೆ ಸರ್."

"ನಾನು ಕೇಳಿದ್ದು ಅದಲ್ಲ."

ಕೇಳಿದ್ದು ಅದಲ್ಲ ಎಂಬುದು ಭರತೇಶನಿಗೂ ಗೊತ್ತಿತ್ತು. ಕುರಿ ಕೊಯ್ದು ಮಾರುವ ಮುಧೋಳದ ಕಟಗರ ಓಣಿಯಲ್ಲಿ ವಿಠೋಬಾನ ದೊಡ್ಡಿಗೆ ಒಂದು ತಗಡಿನ ಗೋಡೆ. ತಗಡಿನ ಆಚೆ ಟಗರು, ಕತ್ತಿ, ವಿಠೋಬಾ. ಈಚೆ ಜಮಖಂಡಿಯ ಪ್ರಾಣಿಶಾಸ್ತ್ರದ ಮಾಸ್ತರ ಭರತೇಶ, ತಗಡಿಗೆ ಬೆನ್ನು ಹಚ್ಚಿ, ಎದುರಿನ ಬೇವಿನ ಗಿಡ ನೋಡುತ್ತ. ಕೆಲಸ ಮುಗಿದ ಮೇಲೆ ಆಚೆಯಿಂದ ಒಂದು ಸ್ಟೀಲಿನ ತಾಟು ಬರುವುದು. ಅದರಲ್ಲಿ ಮಿದುಳು, ಗುಂಡಿಗೆ, ಯಕೃತ್ತು, ಮೂತ್ರಪಿಂಡ, ವೃಷಣ, ತೊಡೆಯ ಒಂದು ಚೂರು. ಅಲ್ಲಿಂದ ಮುಂದಿನದೆಲ್ಲ ವಿಜ್ಞಾನ. ಅದಕ್ಕೂ ಮೊದಲು ವಿಠೋಬಾ ನಿಧಾನಕ್ಕೆ ತೊಗಲು ಸುಲಿದನೋ, ನಡುವೆ ಬೀಡಿ ಸೇದಿದನೋ, ಯಾರ ಹತ್ತಿರವಾದರೂ ಮಾತಿಗೆ ನಿಂತನೋ, ಬೆನ್ನಿಗೆ ಏನು ಗೊತ್ತು? ಸತ್ತ ಮೈಯೊಳಗೆ ಆರ್‌ಎನ್‌ಎ ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಕರಗುತ್ತದೆ. ಎರಡು ವರ್ಷದ ದುಡಿಮೆ ಆ ತಗಡಿನ ಆಚೆ ಕರಗಿಹೋಗಿತ್ತು.

ಹಾಗೆ ನಿಲ್ಲುವುದಕ್ಕೆ ಅವನಲ್ಲಿ ಕಾರಣವಿತ್ತು. ಅವನದು ತೇರದಾಳದ ಮೂಲದ ಜೈನರ ಮನೆ. ಹಿಂಸೆಯನ್ನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು, ಮೂರಕ್ಕೂ ಒಂದೇ ಪಾಪ ಎಂದು ತಾಯಿ ಅಕ್ಕಮ್ಮ ತೊಟ್ಟಿಲಲ್ಲೇ ಕಿವಿಗೆ ಹಾಕಿದ್ದಳು. ಭರತೇಶ ಈ ಮೂರರ ನಡುವೆ ಒಂದು ಸಂದಿ ಹುಡುಕಿಕೊಂಡಿದ್ದ. ಅವನು ಕೊಯ್ಯುವುದಿಲ್ಲ. ಕೊಯ್ಯಲು ಹೇಳುವುದಿಲ್ಲ. ಕೊಯ್ಯುವುದನ್ನು ನೋಡುವುದೂ ಇಲ್ಲ. ಊರಿನ ಬಾಯಿಗಾಗಿ ಹೇಗೂ ಸಾಯುವ ಟಗರಿನಿಂದ ಒಂದಿಷ್ಟು ಚೂರು ಎತ್ತಿಕೊಳ್ಳುತ್ತಾನೆ, ಅಷ್ಟೇ. ಇಷ್ಟು ಚೊಕ್ಕವಾದ ವಾದ ಅವನ ಪ್ರಬಂಧದಲ್ಲೂ ಇರಲಿಲ್ಲ.

ಅವನು ಹುಡುಕುತ್ತಿದ್ದುದು ದೊಡ್ಡ ಸಂಗತಿಯೇನಲ್ಲ. ಕ್ಲಾಸಿನಲ್ಲಿ ಹುಡುಗರಿಗೆ ಹೀಗೆ ಹೇಳುತ್ತಿದ್ದ: ಮೈಯ ಒಂದೊಂದು ಜೀವಕೋಶದಲ್ಲೂ ಅದೇ ಪುಸ್ತಕವಿದೆ. ಕೋಶ ತನಗೆ ಬೇಕಾದ ಪುಟದ ನಕಲು ತೆಗೆಯುತ್ತದೆ. ಸಂದೇಶ ಒಯ್ಯುವ ಆರ್‌ಎನ್‌ಎ ಅಂದರೆ ಆ ನಕಲು. ಅದರ ನಡುನಡುವೆ ಬೇಡವಾದ ಸಾಲುಗಳಿರುತ್ತವೆ. ಅವನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸುವ ಪ್ರೋಟೀನುಗಳಿವೆ. ಮಿದುಳಿನ ಕತ್ತರಿಯೇ ಬೇರೆ, ಯಕೃತ್ತಿನ ಕತ್ತರಿಯೇ ಬೇರೆ. ಅದಕ್ಕೇ ಒಂದೇ ಪುಟದಿಂದ ಮಿದುಳು ಒಂದು ಮಾತು ಓದುತ್ತದೆ, ಯಕೃತ್ತು ಇನ್ನೊಂದು ಓದುತ್ತದೆ. ಎರಡೂ ಸುಳ್ಳಲ್ಲ. ಯಾವ ಅಂಗದಲ್ಲಿ ಯಾವ ಕತ್ತರಿ ಎಷ್ಟಿದೆ ಎಂದು ಅಳೆಯುವುದೇ ಅವನ ಪಿಎಚ್‌ಡಿ.

ಅದು ಈ ತಿಂಗಳು ದಾಟಿದರೆ ಇಲ್ಲ. ನೋಂದಣಿಯ ಅವಧಿ ಮುಗಿಯುತ್ತದೆ. ಪಿಎಚ್‌ಡಿ ಇಲ್ಲದ ಅತಿಥಿ ಉಪನ್ಯಾಸಕರನ್ನು ಬರುವ ವರ್ಷದಿಂದ ಕರೆಯುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿಬಿಟ್ಟಿದ್ದರು. ಹನ್ನೊಂದು ವರ್ಷದಿಂದ ಅತಿಥಿ ಅವನು. ಎಂಥ ಅತಿಥಿಯೋ, ಒಂದು ದಿನವಾದರೂ ಯಾರೂ ಕೂತುಕೋ ಎಂದವರಲ್ಲ.

"ಕಡೇ ಸಲ," ಎಂದಿದ್ದರು ಗೈಡು. "ಈ ಸಲ ನಿಮ್ಮ ಕಣ್ಣಮುಂದೆ ಆಗಬೇಕು. ಪ್ರಾಣ ಹೋದ ಗಳಿಗೆಯಿಂದ ಗಡಿಯಾರ ನೋಡಿ. ರಾತ್ರಿ ಬಸ್ಸಿಗೆ ಕ್ಯಾನು ಹಿಡಿದುಕೊಂಡು ಬನ್ನಿ."

ಬಾಯಿ ಮುಕ್ಕಳಿಸಿ ತಿರುಗಿದರೆ ಅಕ್ಕಮ್ಮ ನಿಂತಿದ್ದಳು. ಬಿಳಿ ಸೀರೆ, ಕೈಯಲ್ಲಿ ಹಳದಿ ಬಟ್ಟೆಯ ಗಂಟು.

"ತಮ್ಮಾ, ಇವತ್ತ ಚತುರ್ದಶಿ, ನಂದು ಉಪಾಸ."

"ಗೊತ್ತೈತಿ."

"ನೀ ಮುಧೋಳಕ್ಕ ಹೊಂಟೀದಿ ಅಂದಳು ಸುಪ್ರೀತಾ."

"ಹ್ಞೂಂ. ಕಾಲೇಜಿನ ಕೆಲಸ."

"ಅಲ್ಲಿ ಕಟಗರ ಓಣಿ ಐತಂತಲ್ಲ. ಒಂದ ಟಗರ ಬಿಡಿಸಿಕೊಂಡ ಬಾ."

ಟವೆಲ್ಲು ಅವನ ಮುಖದ ಮೇಲೇ ನಿಂತಿತು. ಹೋದ ತಿಂಗಳು ಅವನ ಮಗಳು ಭಕ್ತಿಗೆ ಡೆಂಗಿ ಆಗಿತ್ತು. ಒಂದನೇ ಇಯತ್ತೆ ಓದುವ ಕೂಸು ದವಾಖಾನೆಯ ಮಂಚದ ಮೇಲೆ ಬೆಳ್ಳಗೆ ಬಿದ್ದುಕೊಂಡಿದ್ದಾಗ ಅಕ್ಕಮ್ಮ ಹರಕೆ ಹೊತ್ತಿದ್ದಳು: ನಮ್ಮ ಜೀವ ಮನೆಗೆ ಬಂದರೆ ಇನ್ನೊಂದು ಜೀವಕ್ಕೆ ಅಭಯ ಕೊಡಿಸುತ್ತೇನೆ. ಕೂಸು ಮನೆಗೆ ಬಂತು. ಈಗ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿತ್ತು.

"ಸಂತ್ಯಾಗ ತಗೊಂಡ್ರ ನಡ್ಯೂದಿಲ್ಲ ಮತ್ತ," ಎಂದಳು ಅಕ್ಕಮ್ಮ. "ಅದು ಬರೇ ಖರೀದಿ ಆಗತೈತಿ. ಕಟಗನ ಬಾಗಲದಿಂದ, ಕತ್ತಿ ಬುಡದಿಂದ ಬಿಡಿಸಿಕೊಂಡ ಬರಬೇಕು. ಆಗ ಅದು ಅಭಯದಾನ."

"ಅವ್ವಾ, ಇವತ್ತ ನನಗ..."

"ಸಂಜಿಕ ಬಸ್ತಿ ಮುಂದ, ದೇವರ ಎದುರಿಗೆ, ಹಗ್ಗ ಬಿಚ್ಚೂದು. ಪೂಜಿ ಮಾಡೂ ಉಪಾಧ್ಯೇರಿಗೆ ಹೇಳೇನಿ. ಓಣ್ಯಾಗೂ ಹೇಳೇನಿ."

ದುಡ್ಡಿನ ಗಂಟು ಅವನ ಕೈಗೆ ಬಂತು. ಅದಕ್ಕೆ ತಾಯಿಯ ಅಂಗೈಯ ಬಿಸಿ ಇತ್ತು.

ಬಾಗಿಲಲ್ಲಿ ಹೆಂಡತಿ ಸುಪ್ರೀತಾ ಬುತ್ತಿಯ ಡಬ್ಬಿ ಕೊಟ್ಟಳು. ಅವನ ಅಂಗಿಯ ಮೇಲೆ ಕಣ್ಣಾಡಿಸಿದಳು.

"ಹಳೇ ಶರ್ಟ ಹಾಕ್ಕೊಂಡೀರಿ."

"ಹ್ಞೂಂ."

"ಬಂದ ಮ್ಯಾಲ ಅದನ್ನ ಬ್ಯಾರೇ ಬಕೀಟಿನ್ಯಾಗ ಹಾಕ್ರಿ."

ಮುಧೋಳಕ್ಕೆ ಹೋಗಿ ಬಂದಾಗಲೆಲ್ಲ ಅವನ ಬಟ್ಟೆ ಬೇರೆ ಬಕೀಟು ಸೇರುತ್ತಿತ್ತು. ಯಾಕೆ ಎಂದು ಅವಳು ಕೇಳಿದವಳಲ್ಲ. ಕೇಳಲಿ ಎಂದು ಅವನಿಗೆ ಒಮ್ಮೊಮ್ಮೆ ಆಸೆಯಾಗುತ್ತಿತ್ತು. ಕೇಳಿದರೆ ಏನು ಹೇಳಬೇಕು ಎಂದು ಹೊಳೆಯುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಹುಲೆಪ್ಪ ಕ್ಯಾನು ತಂದುಕೊಟ್ಟ. ಹಳ್ಳಿಹಳ್ಳಿ ತಿರುಗಿ ಆಕಳು ಎಮ್ಮೆಗಳಿಗೆ ಗರ್ಭ ಕಟ್ಟುವ ಇಂಜೆಕ್ಷನ್ನು ಹಾಕುವವನು ಹುಲೆಪ್ಪ. ಒಳ್ಳೊಳ್ಳೆ ಹೋರಿಗಳ ಬೀಜ ಮಂಜಿಗಿಂತ ತಣ್ಣನೆಯ ದ್ರವ ನೈಟ್ರೋಜನ್ನಿನಲ್ಲಿ ಕೆಡದೆ ಮಲಗುವ ಕ್ಯಾನು ಅದು. ಈ ಹೊತ್ತು ಖಾಲಿ ಮಾಡಿ, ಹೊಸ ನೈಟ್ರೋಜನ್ನು ತುಂಬಿ ತಂದಿದ್ದ.

ಬಸ್ಸಿನಲ್ಲಿ ಪಕ್ಕದವನು ಕೇಳಿದ. "ಹಾಲಿನ ಕ್ಯಾನೇನ್ರಿ?"

"ಹ್ಞೂಂ."

ಕಾಲ ನಡುವೆ ಕ್ಯಾನು, ಕಿಸೆಯಲ್ಲಿ ಗಂಟು. ಮುಧೋಳ ಬರುವುದರೊಳಗೆ ಭರತೇಶ ಒಂದು ದಾರಿ ಕಂಡುಕೊಂಡ. ವಿಠೋಬಾನ ದೊಡ್ಡಿಯಲ್ಲಿ ಯಾವಾಗಲೂ ನಾಲ್ಕಾರು ಟಗರು ಕಟ್ಟಿರುತ್ತವೆ. ಹೇಗೂ ಸಾಯುವ ಒಂದರಿಂದ ಚೂರು ತೆಗೆದುಕೊಳ್ಳುವುದು, ಇನ್ನೊಂದನ್ನು ಬಿಡಿಸಿಕೊಂಡು ಹೋಗುವುದು. ಇವತ್ತು ನೋಡಬೇಕಾಗುತ್ತದೆ, ಅದೊಂದು ಕಷ್ಟ. ಆದರೆ ಒಂದನ್ನು ಉಳಿಸಿದವನಿಗೆ ಇನ್ನೊಂದನ್ನು ನೋಡುವ ಧೈರ್ಯ ಬಂದೀತು. ಎಷ್ಟು ಹಗುರಾಯಿತೆಂದರೆ ಬುತ್ತಿ ಬಿಚ್ಚಿ ಒಂದು ಚಪಾತಿಯನ್ನೂ ತಿಂದ.

ದೊಡ್ಡಿಯಲ್ಲಿ ಒಂದೇ ಟಗರು ಇತ್ತು.

"ಉಳಿದವು ಎಲ್ಲಿ?"

"ಶ್ರಾವಣ ಅಲ್ರಿ ಸರ," ಎಂದ ವಿಠೋಬಾ. ಬನಿಯನ್ನಿನಲ್ಲಿ ಹೊರಸಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ. "ನನ್ನ ಗಿರಾಕಿ ಎಲ್ಲಾ ಒಮ್ಮಿಗಲೇ ಶರಣರಾಗ್ಯಾರ. ತಿಂಗಳ ಮಟಾ ಕತ್ತಿಗೆ ರಜಾ. ಇದೊಂದ ಉಳದೈತಿ."

"ಇವತ್ತ ಕೊಯ್ಯೂದಿಲ್ಲೇನು?"

"ಯಾರಿಗ ಕೊಯ್ಲಿ? ನೀವು ಕೊಯ್ ಅಂದ್ರ ಕೊಯ್ತೇನಿ. ಇಡೀ ಟಗರ ನಿಮ್ಮ ಲೆಕ್ಕಕ್ಕ."

ಟಗರು ಬೇವಿನ ಟೊಂಗೆಯೊಂದನ್ನು ಎಳೆದೆಳೆದು ತಿನ್ನುತ್ತಿತ್ತು. ಕರಿ ಮೈ, ಹಣೆಯ ಮೇಲೆ ಬಿಳಿ ಮಚ್ಚೆ. ಗೈಡು ಹೇಳಿದ ವಯಸ್ಸೇ ಇರಬೇಕು. ಭರತೇಶ ಅದನ್ನು ನೋಡಿದ. ಅದು ಭರತೇಶನನ್ನು ನೋಡಲಿಲ್ಲ.

"ನೋಡ್ರಿ ವಿಠೋಬಾ, ನಿಮಗ ಹ್ಯಾಂಗ ಅನಸ್ತೈತಿ ಹಾಂಗ..."

"ನನಗ ಅನಸೂದೇನೈತ್ರಿ ಇದರಾಗ? ಕೊಯ್ ಅಂದ್ರ ಕೊಯ್ಯೂದು, ಬಿಡು ಅಂದ್ರ ಬಿಡೂದು. ನಿಮ್ಮ ಬಾಯಿಂದ ಬರಬೇಕು."

ನಿಮ್ಮ ಬಾಯಿಂದ. ಬಿಡು ಎಂದರೆ, ಹಗ್ಗ ಹಿಡಿದು ಹೊರಟುಬಿಡಬಹುದು. ತಾಯಿ ಆರತಿ ಎತ್ತುತ್ತಾಳೆ. ಬರುವ ಜೂನಿಗೆ ಅದೇ ತಾಯಿಯ ಮುಂದೆ, ಅದೇ ಓಣಿಯಲ್ಲಿ, ಕೆಲಸವಿಲ್ಲದ ಗಂಡಸಾಗಿ ಓಡಾಡಬೇಕು. ಕೊಯ್ಯಿ ಎಂದರೆ? ಕೊಯ್ಯಿ ಎಂದರೆ ಇಷ್ಟು ವರ್ಷ ಜೋಪಾನ ಮಾಡಿದ ಆ ಸಂದಿ ಮುಚ್ಚಿಹೋಗುತ್ತದೆ. ಮಾಡಿಸಿದವನಾಗುತ್ತಾನೆ. ನೋಡಿದವನೂ ಆಗುತ್ತಾನೆ. ಯಾರಾದರೂ ಗಿರಾಕಿ ಬಂದು ಇದನ್ನು ನನಗೆ ಕೊಯ್ದುಕೊಡು ಎನ್ನಬಾರದೇ ಎಂದು ಓಣಿಯ ಆ ತುದಿ ಈ ತುದಿ ನೋಡಿದ. ಒಂದು ನಾಯಿ ಮಲಗಿತ್ತು.

"ಕೊಯ್ರಿ," ಎಂದ.

"ನೀವು ಹೊರಗ ನಿಂದರ್ರಿ ಹಂಗಾರ. ತಾಟ ಕೊಡ್ತೇನಿ."

"ಇಲ್ಲ. ಇವತ್ತ ಇಲ್ಲೇ ನಿಂದರ್ತೇನಿ."

ವಿಠೋಬಾ ಅವನನ್ನು ಮೇಲಿಂದ ಕೆಳಗೆ ನೋಡಿದ. "ತಡಕೋತೀರೇನ್ರಿ? ಬಿದ್ದಗಿದ್ದೀರಿ."

ಬೀಳುವುದಕ್ಕೆ ಭರತೇಶ ತಯಾರಾಗಿಯೇ ಬಂದಿದ್ದ. ವಾಂತಿಯಾದರೆ ಇರಲಿ ಎಂದು ಕಿಸೆಯಲ್ಲಿ ಲಿಂಬೆಹಣ್ಣು ಇಟ್ಟುಕೊಂಡಿದ್ದ. ಅಳು ಬಂದರೂ ಬರಲಿ, ವಿಠೋಬಾನ ಮುಂದೆ ಅತ್ತರೆ ಏನು ಮರ್ಯಾದೆ ಹೋಗುವುದಿದೆ? ಒಂದು ರೀತಿಯಲ್ಲಿ ಆ ಅಳುವಿಗಾಗಿಯೇ ಕಾದಿದ್ದ. ಬೆನ್ನು ತಿರುಗಿಸಿ ನಿಂತ ಎಲ್ಲ ದಿನಗಳ ಅಳು ಅದು. ಈ ಹೊತ್ತು ಒಮ್ಮೆಲೇ ಬಂದುಬಿಟ್ಟರೆ ಎದೆ ಹಗುರಾದೀತು.

ವಿಠೋಬಾ ಟಗರಿನ ಕೊರಳು ಹಿಡಿದ. ಬಾಯೊಳಗೆ ಏನೋ ಅಂದ, ಅವನ ದೇವರ ಹೆಸರಿರಬೇಕು. ಕತ್ತಿ ಆಡಿತು. ರಕ್ತ ಮಣ್ಣಿಗೆ ಬಿತ್ತು. ಕಾಲುಗಳು ಒಂದಷ್ಟು ಹೊತ್ತು ಒದ್ದಾಡಿದವು. ಆಮೇಲೆ ಇಲ್ಲ.

ಭರತೇಶ ಗಡಿಯಾರ ನೋಡುತ್ತಿದ್ದ.

ಎದೆ ಹೊಡೆದುಕೊಳ್ಳಲಿಲ್ಲ. ಕಣ್ಣು ತುಂಬಲಿಲ್ಲ. ಕಾಲಲ್ಲಿ ನಡುಕವಿಲ್ಲ. ಇನ್ನೇನು ಬಂದೀತು, ಈಗ ಬಂದೀತು ಎಂದು ಕಾದ. ಬಂದದ್ದು ಅವನದೇ ದನಿ, ಕ್ಲಾಸಿನಲ್ಲಿ ಹಾಜರಿ ಕರೆಯುವ ದನಿ. "ಮೊದಲ ಮಿದುಳು. ಜಲ್ದಿ."

"ಭೇಜಾ ಮೊದಲೇನ್ರಿ? ತಡೀರಿ."

ಕೈಗಳು ತಾವಾಗಿ ಕೆಲಸ ಮಾಡಿದವು. ಚೂರು ಕತ್ತರಿಸು, ನಳಿಕೆಗೆ ಹಾಕು, ಮುಚ್ಚಳ ಬಿಗಿ, ಕ್ಯಾನಿನಲ್ಲಿ ಇಳಿಸು. ಒಂದೊಂದು ಇಳಿದಾಗಲೂ ಕ್ಯಾನಿನ ಬಾಯಿಂದ ಬಿಳೀ ಹೊಗೆ ಎದ್ದು ಅವನ ಮುಂಗೈಯನ್ನು ತಣ್ಣಗೆ ಮುಟ್ಟಿತು. ಮಿದುಳು ಆಯಿತು, ಗುಂಡಿಗೆ ಆಯಿತು, ಯಕೃತ್ತು ಆಯಿತು. ಇಷ್ಟು ಚಂದದ ಮಾದರಿಗಳನ್ನು ಅವನು ಎಂದೂ ತೆಗೆದಿರಲಿಲ್ಲ. ಕಡೆಯ ನಳಿಕೆ ಇಳಿಸಿ ಗಡಿಯಾರ ನೋಡಿದಾಗ ಎದೆಯೊಳಗೆ ಏನೋ ಜುಮ್ಮೆಂದಿತು. ಬಂತು ಎಂದುಕೊಂಡ. ಆದರೆ ಅದು ಅಳುವಲ್ಲ. ಖುಷಿ.

ಖುಷಿ! ಭರತೇಶನಿಗೆ ತನ್ನ ಮೇಲೇ ಹೇಸಿಗೆಯಾಗಬೇಕಿತ್ತು. ಅದೂ ಆಗಲಿಲ್ಲ. ಒಳಗೆ ದಯೆ ಅನ್ನುವುದೊಂದು ಕೂತಿದೆ, ಅದಕ್ಕೆ ನೋವಾಗಬಾರದು ಎಂದೇ ಅಲ್ಲವೇ ಇಷ್ಟು ದಿನ ಬೆನ್ನು ತಿರುಗಿಸಿದ್ದು? ಒಳಗೆ ಯಾರೂ ಇರಲಿಲ್ಲ. ಖಾಲಿ ಮನೆಗೆ ಇಷ್ಟು ವರ್ಷ ಕೀಲಿ ಹಾಕಿ ಕಾಯುತ್ತ ಕೂತಿದ್ದ.

"ಛಲೋ ಆತೇನ್ರಿ ಸರ?"

"ಛಲೋ ಆತು."

"ಮಾಂಸ ಏನ್ ಮಾಡ್ಲಿ?"

"ನಿಮ್ಮ ಇಷ್ಟ."

"ಶ್ರಾವಣದಾಗ ಇಷ್ಟೊಂದ ಯಾರ್ ಒಯ್ತಾರ್ರಿ," ಎಂದು ವಿಠೋಬಾ ಗೊಣಗಿದ. ನೊಣಗಳು ಆಗಲೇ ಬಂದಿದ್ದವು.

ಫೋನಿನಲ್ಲಿ ಹಣ ಕಳಿಸಲು ಹೊರಟವನು ನಿಂತ. ಖಾತೆ ಇಬ್ಬರದು. ಸುಪ್ರೀತಾಳ ಮೊಬೈಲು ಟಿಣ್ ಎಂದು ವಿಠೋಬಾನ ಹೆಸರು ತೋರಿಸುತ್ತದೆ. ಗಂಟು ಇದ್ದೂ ಕಟಗನಿಗೆ ಖಾತೆಯಿಂದ ಯಾಕೆ ಎಂದಾಗುತ್ತದೆ. ಕಿಸೆಯಲ್ಲಿ ನೋಟು ಇದ್ದದ್ದು ಒಂದೇ ಕಡೆ. ಹಳದಿ ಗಂಟು ತೆಗೆದು ವಿಠೋಬಾನ ಕೈಗೆ ಇಟ್ಟ. ವಿಠೋಬಾ ಬಿಚ್ಚಿದ. ನೋಟುಗಳ ಸಂದಿಯಲ್ಲಿ ಅರಿಶಿಣ ಹಚ್ಚಿದ ಅಕ್ಕಿಕಾಳು.

"ಅಕ್ಷತಿ ಅಲ್ರಿ ಇವು?"

"ಇರ್ಲಿ."

ವಿಠೋಬಾ ಎಡಗೈಯಿಂದ ಕಾಳುಗಳನ್ನು ಆರಿಸಿ ಕಣ್ಣಿಗೆ ಒತ್ತಿಕೊಂಡು ಬನಿಯನ್ನಿನೊಳಗೆ ಹಾಕಿಕೊಂಡ. ಬಲಗೈ ಇನ್ನೂ ತೊಳೆದಿರಲಿಲ್ಲ.

"ಇನ್ನೊಂದ ಟಗರ ಸಿಗತೈತೇನು?" ಎಂದು ಕೇಳಿದ ಭರತೇಶ. "ಜೀವಂತ."

ವಿಠೋಬಾನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಸಂತಿ ದಿನಾ ಬರ್ರಿ ಸರ."

ಸಾಮಾನು ಒಯ್ಯುವ ಮೂರು ಗಾಲಿಯ ಟಂಟಂ ಒಂದನ್ನು ಹಿಡಿದು, ಕ್ಯಾನನ್ನು ಕಾಲ ನಡುವೆ ಒತ್ತಿಕೊಂಡು ಭರತೇಶ ಜಮಖಂಡಿಯ ದಾರಿ ಹಿಡಿದ. ಅರ್ಧ ದಾರಿಯಲ್ಲಿ, ಕಲ್ಲುಗುಡ್ಡದ ಬುಡದಲ್ಲಿ, ಒಂದು ಕುರಿಹಿಂಡು ಕಂಡಿತು. ಟಂಟಂ ನಿಲ್ಲಿಸಿ ಇಳಿದ. ಕುರಿಗಾರ ಅಂದಾನೆಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದ. ಅವನ ಮೊಣಕಾಲಿಗೆ ತಲೆ ಒತ್ತಿ ಒಂದು ಎಳೇ ಟಗರು ನಿಂತಿತ್ತು.

"ಇದನ್ನ ಕೊಡ್ತೀರೇನು?"

"ಇದನ್ನ ಕೊಡೂದಿಲ್ರಿ. ಇದರ ತಾಯಿ ಹಡದ ದಿನಾನ ಸತ್ತಳು. ಬಾಟ್ಲಿ ಹಾಲ ಕುಡಿಸಿ ಬೆಳೆಸೇನಿ. ಹಿಂಡಿನ್ಯಾಗ ನಿಂದರೂದಿಲ್ಲ ಮಂಗ್ಯಾಂದು. ಮನಶ್ಯಾರ ಬೆನ್ನ ಹತ್ತತೈತಿ."

"ಕೊಯ್ಯಾಕಲ್ಲ. ಬಸ್ತಿಗೆ ಬಿಡಾಕ."

ಬೆಳಗಿನಿಂದ ಅವನು ಆಡಿದ ಒಂದೇ ಒಂದು ಪೂರ್ತಿ ನಿಜವಾದ ಮಾತು ಅದು. ಅಂದಾನೆಪ್ಪ ನಂಬಲಿಲ್ಲ. ಅವನ ಕಣ್ಣು ಭರತೇಶನ ಅಂಗಿಯ ತೋಳಿನ ಮೇಲೆ ನಿಂತಿತ್ತು. ಅಲ್ಲಿ ಉಗುರಿನಗಲದ ಒಂದು ಕೆಂಪು ಕಲೆ.

"ಆಣಿ ಮಾಡ್ರಿ."

"ನನ್ನ ಮಗಳ ಆಣಿ."

"ಬಸ್ತಿಯವರ ಕೈಯಾಗ ಇದ್ರ ಸಾಯೂತನಾ ಬಾಳತೈತಿ," ಎಂದು ಅಂದಾನೆಪ್ಪ ತನಗೆ ತಾನೇ ಹೇಳಿಕೊಂಡ. ಎದ್ದು ಟಗರಿನ ಕಿವಿ ಸವರಿದ. ಎತ್ತಿ ಟಂಟಂನೊಳಗೆ ಇಟ್ಟವನು ಹಿಂದೆ ತಿರುಗಿ ನೋಡದೆ ಹಿಂಡಿನೊಳಗೆ ಹೋದ. ಇದಕ್ಕೆ ಫೋನಿನಲ್ಲೇ ಹಣ ಹೋಯಿತು. ಈ ಹೆಸರು ಯಾರದೆಂದು ಸುಪ್ರೀತಾಳಿಗೆ ಗೊತ್ತಿಲ್ಲ, ನೋಡಿದರೂ ಅಡ್ಡಿಯಿರಲಿಲ್ಲ.

ಟಗರು ದಾರಿಯುದ್ದಕ್ಕೂ ಒದರಿತು. ಯಾವ ಕತ್ತಿಯ ಬುಡದಲ್ಲೂ ಇರದಿದ್ದ ಜೀವ ಅದು. ಅದನ್ನು ಸಾಕಿದವನಿಂದ ಬಿಡಿಸಿಕೊಂಡು ಬಂದಿದ್ದ.

ಮನೆಯ ಮುಂದೆ ಓಣಿಯೇ ನೆರೆದಿತ್ತು. ಅಕ್ಕಮ್ಮ ಟಗರಿನ ಕಾಲಿಗೆ ನೀರು ಹಾಕಿದಳು, ಹಣೆಗೆ ಗಂಧ ಹಚ್ಚಿದಳು, ಆರತಿ ಎತ್ತಿದಳು. ಬೆಳಗಿನಿಂದ ಉಪವಾಸವಿದ್ದ ಅವಳ ಕಣ್ಣಲ್ಲಿ ನೀರು. ಅವಳಿಗೆ ಎಷ್ಟು ಸಲೀಸಾಗಿ ಬರುತ್ತದೆ ಎಂದು ಭರತೇಶನಿಗೆ ಹೊಟ್ಟೆಕಿಚ್ಚಾಯಿತು. ಹೌದು, ಹೊಟ್ಟೆಕಿಚ್ಚೇ.

ಪಕ್ಕದ ಮನೆಯ ಸುಂದರವ್ವ ಮುಂದೆ ಬಂದಳು. "ಕಟಗ ಹ್ಯಾಂಗ ಒಪ್ಪಿದ್ನೋ ತಮ್ಮಾ? ಒಂದೀಟ ಹೇಳು, ಕೇಳಿದರ ನಮಗೂ ಪುಣ್ಯಾ."

ಭಕ್ತಿ ಅವನ ಬೆರಳು ಹಿಡಿದುಕೊಂಡಳು.

"ವಿಠೋಬಾ ಅಂತ ಅವನ ಹೆಸರ," ಎಂದ ಭರತೇಶ. "ಅವನ ದೊಡ್ಡ್ಯಾಗ ಒಂದ ಟಗರ ಉಳದಿತ್ತು. ಕೊಯ್ಯೂದಾ ಬಿಡೂದಾ, ನಿಮ್ಮ ಬಾಯಿಂದ ಬರಬೇಕು ಅಂದ. ಕತ್ತಿ ಅವನ ಕೈಯಾಗಿತ್ತು, ನಾ ಅಲ್ಲೇ ಎದುರಿಗೆ ನಿಂತಿದ್ದೆ. ಅವ್ವ ಕೊಟ್ಟ ಗಂಟು ಅವನ ಕೈಯಾಗ ಇಟ್ಟೆ. ಅಕ್ಷತಿ ಕಾಳ ನೋಡಿ ಕಣ್ಣಿಗೆ ಒತ್ತಿಕೊಂಡ. ಟಗರ ಟಂಟಂದಾಗ ಹಾಕ್ಕೊಂಡ ಬಂದೆ."

"ಕಣ್ಣಿಗೆ ಒತ್ತಿಕೊಂಡ್ನಂತ! ಕಟಗ!" ಸುಂದರವ್ವ ಗಲ್ಲಕ್ಕೆ ಕೈ ಹಚ್ಚಿಕೊಂಡಳು.

ಒಂದು ಮಾತೂ ಸುಳ್ಳಾಗಿರಲಿಲ್ಲ. ಹೇಳಿ ಮುಗಿಸಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ನಡುವಿನ ಒಂದೆರಡು ಸಾಲು ಬಿದ್ದುಹೋಗಿದ್ದವು, ಉಳಿದವು ತಮ್ಮಷ್ಟಕ್ಕೆ ತಾವೇ ಬಂದು ಕೂಡಿಕೊಂಡಿದ್ದವು. ಜೋಡಿಸಿದ ಗುರುತೂ ಕಾಣುತ್ತಿರಲಿಲ್ಲ. ಯಾವ ಅಂಗದಲ್ಲಿ ಈ ಕತ್ತರಿ ಇಷ್ಟು ಹೇರಳವಾಗಿದೆ ಎಂದು ಅಳೆಯುವುದಕ್ಕೆ ಕ್ಯಾನು ಹೊತ್ತುಕೊಂಡು ಧಾರವಾಡದ ತನಕ ಹೋಗಬೇಕಾಗಿರಲಿಲ್ಲ.

"ಪಪ್ಪಾ, ಇದಕ್ಕ ಹೆದರಿಕಿ ಆಗಿತ್ತೇನ?" ಎಂದು ಕೇಳಿದಳು ಭಕ್ತಿ.

"ಇಲ್ಲ."

"ನಿಮಗ?"

"ಇಲ್ಲ."

ಬಚ್ಚಲಲ್ಲಿ ಸುಪ್ರೀತಾ ಬೇರೆ ಬಕೀಟಿಗೆ ನೀರು ಬಿಟ್ಟುಕೊಂಡು ನಿಂತಿದ್ದಳು. ಅವನು ಅಂಗಿ ಬಿಚ್ಚಿ ಕೊಟ್ಟ. ತೋಳಿನ ಕಲೆ ಮೇಲೆ ಬರುವ ಹಾಗೆ ಬೇಕೆಂದೇ ಮಡಚಿ ಕೊಟ್ಟ. ಅವಳು ನೋಡಿದಳು. ಸಾಬೂನು ಎತ್ತಿಕೊಂಡಳು.

"ಸುಪ್ರೀತಾ, ಇವತ್ತ..."

"ಬ್ಯಾಡ್ರಿ."

"ನೀ ಒಮ್ಮೆರ ಕೇಳು."

"ಕೇಳಿದ್ರ ನೀವು ಹೇಳ್ತೀರಿ. ಹೇಳಿ ನೀವು ಹಗುರ ಆಗ್ತೀರಿ. ಆಮ್ಯಾಲ ಅದನ್ನ ಎದಿಯಾಗ ಇಟ್ಕೊಂಡ ಅತ್ತಿ ಮುಂದ ನಾ ಓಡಾಡಬೇಕು." ಅವಳು ಅವನಿಗೆ ಬೆನ್ನು ಮಾಡಿ ಬಕೀಟಿನ ಮುಂದೆ ಕೂತಳು. "ಹೊತ್ತ ಮುಳಗೂದ್ರಾಗ ಉಂಡ ಹೋಗ್ರಿ. ರಾತ್ರಿ ಬಸ್ಸಿನ್ಯಾಗ ಹಸೀತೈತಿ."

ಕೈ ಮೂರು ಸಲ ಸಾಬೂನು ಹಚ್ಚಿ ತೊಳೆದ. ಉಂಡ. ರುಚಿಯಾಗಿತ್ತು.

ಬಸ್ತಿಯ ಮುಂದೆ ಬಿಸಿಲು ಇಳಿಯುತ್ತಿತ್ತು. ಉಪಾಧ್ಯೇರು ಟಗರಿನ ಕಿವಿಯ ಹತ್ತಿರ ಬಗ್ಗಿ ಣಮೋಕಾರ ಮಂತ್ರ ಹೇಳಿದರು. ಅಕ್ಕಮ್ಮ ಕೊರಳಿನ ಹಗ್ಗ ಬಿಚ್ಚಿದಳು. "ಇನ್ನ ನಿನ್ನ ಯಾರೂ ಮುಟ್ಟೂದಿಲ್ಲಪಾ. ನಿನ್ನ ಮನಸಿಗೆ ಬಂದಲ್ಲಿ ಹೋಗು," ಎಂದಳು. ಎಲ್ಲರೂ ಹಿಂದೆ ಸರಿದು ದಾರಿ ಬಿಟ್ಟರು. ಬಸ್ತಿಯ ಹಿಂದೆ ಹುಲ್ಲಿನ ಹಿತ್ತಲಿದೆ, ಬಿಡಿಸಿಕೊಂಡು ತಂದ ಪ್ರಾಣಿಗಳಿಗೆಂದೇ ಇದೆ. ಅಲ್ಲಿಗೆ ಹೋಗಬೇಕು ಅದು.

ಟಗರು ಹೋಗಲಿಲ್ಲ. ಅತ್ತ ಇತ್ತ ನೋಡಿತು. ಆಮೇಲೆ ಜನರ ನಡುವಿನಿಂದ ನೆಟ್ಟಗೆ ನಡೆದು ಬಂದು ಭರತೇಶನ ಮೊಣಕಾಲಿಗೆ ತಲೆ ಒತ್ತಿ ನಿಂತಿತು.

"ನೋಡ್ರೆವ್ವಾ," ಎಂದಳು ಅಕ್ಕಮ್ಮ. "ಜೀವಾ ಉಳಿಸಿದಂವನ ಗುರ್ತ ಹಿಡದೈತಿ."

ಸುಂದರವ್ವ ಕೈಮುಗಿದಳು. ಟಗರಿಗಲ್ಲ, ಭರತೇಶನಿಗೆ. ಅವಳನ್ನು ನೋಡಿ ಇನ್ನೊಬ್ಬರು ಮುಗಿದರು, ಮತ್ತೊಬ್ಬರು ಮುಗಿದರು. ಹಿಂದೆ ನಿಂತಿದ್ದ ಸುಪ್ರೀತಾಳೂ ಮುಗಿದಳು. ಆಗ ಅವಳು ಅವನ ಮುಖ ನೋಡಲಿಲ್ಲ.

"ಬಸ್ಸಿಗೆ ಹೊತ್ತಾತು," ಎಂದು ಭರತೇಶ ಕ್ಯಾನು ಎತ್ತಿಕೊಂಡು ಹೊರಟ. ಹಿಂದೆ ಗೊರಸಿನ ಸಪ್ಪಳ. ಅವನು ಜೋರಾಗಿ ನಡೆದ, ಅದೂ ಜೋರಾಗಿ ನಡೆಯಿತು. ನಿಂತ, ಅದೂ ನಿಂತಿತು. "ಹೋಗ್, ಹೋಗಲೇ," ಎಂದು ಹಲ್ಲು ಕಚ್ಚಿ ಅಂದ. ಹಿಂದೆ ಯಾರೋ ಸಂತೋಷಕ್ಕೆ ನಕ್ಕರು. ಓಣಿಯ ತಿರುವಿನಲ್ಲಿ ಯಾರೂ ಕಾಣದಲ್ಲಿ ಒಂದು ಕಲ್ಲು ಎತ್ತಿಕೊಂಡ. ಟಗರು ಆ ಕೈಯನ್ನೇ ನೋಡುತ್ತ ಬಾಯಿ ತೆರೆಯಿತು, ಬಾಟ್ಲಿ ಬಂತು ಎನ್ನುವ ಹಾಗೆ.

ಕಲ್ಲು ಕೈಯಿಂದ ಜಾರಿತು. ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರ್ನು ಕೇಳಿಸಿತು. ಅವನು ಹೋಗಬೇಕಿತ್ತು. ಹೋಗಲಿಲ್ಲ. ಟಗರಿಗೆ ಬೆನ್ನು ತಿರುಗಿಸಿದ, ಮುಧೋಳದಲ್ಲಿ ತಗಡಿನ ಈಚೆ ನಿಲ್ಲುವ ಹಾಗೆಯೇ, ಎದುರಿನ ಗೋಡೆ ನೋಡುತ್ತ ನಿಂತ. ಒಂದು ಕೈಯಲ್ಲಿ ಕ್ಯಾನು ತಣ್ಣಗೆ ತೂಗುತ್ತಿತ್ತು. ಖಾಲಿ ಇದ್ದ ಇನ್ನೊಂದು ಕೈಯನ್ನು ಬೆಚ್ಚಗಿನ ಒಂದು ಮೂತಿ ಹುಡುಕಿಕೊಂಡು ಬಂತು. ಬೆರಳ ಸಂದಿಗಳನ್ನು ಒಂದೊಂದಾಗಿ ನೆಕ್ಕತೊಡಗಿತು.